ಅಡ್ಡಕ್ಕೆ ಒಗೆದ ಕಲ್ಲು: ಲೆಕ್ಕ ಎರಡು, ಗಡಿಯಾರ ಒಂದು

ಪ್ರಥಮ ಪಿಯುಸಿ ತರಗತಿಯಲ್ಲಿ ಪ್ರೊಜೆಕ್ಟೈಲ್ ಮೋಷನ್, ಅಂದರೆ ಎಸೆದ ವಸ್ತುವಿನ ಚಲನೆಯ ಪಾಠ ಆರಂಭಿಸುವ ದಿನ ನಾನು ಪ್ರತಿ ವರ್ಷವೂ ಒಂದೇ ಪ್ರಶ್ನೆ ಕೇಳುತ್ತೇನೆ. ಮಾಳಿಗೆಯ ಅಂಚಿನಲ್ಲಿ ಇಬ್ಬರು ನಿಂತಿದ್ದಾರೆ. ಒಬ್ಬ ಕೈಯಲ್ಲಿದ್ದ ಕಲ್ಲನ್ನು ಸುಮ್ಮನೆ ಕೆಳಕ್ಕೆ ಬಿಡುತ್ತಾನೆ. ಇನ್ನೊಬ್ಬ ಅದೇ ಎತ್ತರದಿಂದ, ಅದೇ ಕ್ಷಣಕ್ಕೆ, ಅಂಥದೇ ಕಲ್ಲನ್ನು ನೇರವಾಗಿ ಅಡ್ಡಕ್ಕೆ, ತನ್ನ ಶಕ್ತಿ ಮೀರಿ ಒಗೆಯುತ್ತಾನೆ. ಯಾವ ಕಲ್ಲು ಮೊದಲು ನೆಲ ಮುಟ್ಟುತ್ತದೆ? ಕಲಬುರಗಿಯ ನನ್ನ ತರಗತಿಗಳಲ್ಲಿ ಈ ಪ್ರಶ್ನೆಗೆ ಬರುವ ಉತ್ತರ ಇಷ್ಟು ವರ್ಷಗಳಲ್ಲಿ ಬದಲಾಗಿಲ್ಲ. “ಜೋರ್ ಒಗದದ್ದು ದೂರ ಹೋಗತದಲ್ರಿ ಸರ, ಅದಕ್ಕ ಅದು ತಡಾ ಮಾಡಿ ಬೀಳತದ” ಎಂದು ಹಿಂದಿನ ಬೆಂಚಿನಿಂದ ಒಬ್ಬ ಹೇಳುತ್ತಾನೆ, ಉಳಿದವರು ಹೌದೆಂದು ತಲೆ ಆಡಿಸುತ್ತಾರೆ.

ಉತ್ತರ ತಪ್ಪು, ಆದರೆ ದಡ್ಡತನದ ತಪ್ಪಲ್ಲ. ದೂರ ಹೋಗುವುದಕ್ಕೆ ಹೆಚ್ಚು ಹೊತ್ತು ಬೇಕು ಎಂಬುದು ನಾವು ನಡೆದು, ಬಂಡಿ ಹೊಡೆದು, ಬಸ್ಸು ಹತ್ತಿ ಕಲಿತ ಬುದ್ಧಿ. ಆ ಬುದ್ಧಿ ರಸ್ತೆಯ ಮೇಲೆ ಸರಿ, ಬೀಳುವ ಕಲ್ಲಿನ ವಿಷಯದಲ್ಲಿ ಸರಿಯಲ್ಲ. ಅಡ್ಡಕ್ಕೆ ಎಸೆದ ವಸ್ತುವಿನ ಮೇಲೆ ಪಠ್ಯಪುಸ್ತಕ ಕೊಡುವ ಲೆಕ್ಕಗಳಲ್ಲಿ ಹೆಚ್ಚಿನವು ತಪ್ಪಾಗುವುದು ಗಣಿತ ಬಾರದೆ ಅಲ್ಲ, ಈ ಒಂದು ನಂಬಿಕೆ ಮನಸ್ಸಿನ ಮೂಲೆಯಲ್ಲಿ ಕುಳಿತಿರುವುದರಿಂದ. ಆದ್ದರಿಂದ ಸೂತ್ರಕ್ಕೆ ಹೋಗುವ ಮುನ್ನ ಅದನ್ನು ಅಲ್ಲಿಂದ ಎಬ್ಬಿಸಬೇಕು.

ಎಬ್ಬಿಸಲು ಎರಡು ಒಂದು ರೂಪಾಯಿ ನಾಣ್ಯಗಳೂ ಒಂದು ಸ್ಕೇಲೂ ಸಾಕು. ಸ್ಕೇಲನ್ನು ಮೇಜಿನ ಅಂಚಿನ ಬಳಿ ಓರೆಯಾಗಿಟ್ಟು, ಅದರ ಒಂದು ತುದಿ ಮೇಜಿನಿಂದ ಎರಡು ಬೆರಳಿನಷ್ಟು ಹೊರಗೆ ಚಾಚುವಂತೆ ಮಾಡಿ, ಆ ತುದಿಯ ಮೇಲೆ ಒಂದು ನಾಣ್ಯವನ್ನಿಡಿ. ಇನ್ನೊಂದು ನಾಣ್ಯವನ್ನು ಮೇಜಿನ ಮೇಲೆಯೇ, ಅಂಚಿಗೂ ಸ್ಕೇಲಿಗೂ ನಡುವಿನ ಸಂದಿಯಲ್ಲಿ, ಸ್ಕೇಲಿಗೆ ಒರಗಿದಂತೆ ಇಡಿ. ಈಗ ಸ್ಕೇಲಿನ ಹಿಂಬದಿಗೆ ಬೆರಳಿನಿಂದ ಚುರುಕಾಗಿ ಹೊಡೆದರೆ ಹೊರಚಾಚಿದ ತುದಿ ತನ್ನ ಮೇಲಿನ ನಾಣ್ಯದ ಅಡಿಯಿಂದ ಜಾರಿಹೋಗುತ್ತದೆ, ಆ ನಾಣ್ಯ ಇದ್ದಲ್ಲಿಂದಲೇ ನೆಟ್ಟಗೆ ಬೀಳುತ್ತದೆ. ಮೇಜಿನ ಮೇಲಿದ್ದ ನಾಣ್ಯ ಪೆಟ್ಟು ತಿಂದು ಅಡ್ಡಕ್ಕೆ ಹಾರಿ, ಬಾಗಿದ ದಾರಿಯಲ್ಲಿ ದೂರ ಹೋಗಿ ಬೀಳುತ್ತದೆ. ಕಣ್ಣಿನಿಂದ ನೋಡಬೇಡಿ, ಕಣ್ಣಿಗೆ ಎರಡನ್ನೂ ಹಿಂಬಾಲಿಸಲು ಆಗುವುದಿಲ್ಲ, ಕಿವಿಗೊಡಿ. ನಮ್ಮ ಕಡೆಯ ಮನೆಗಳಲ್ಲೂ ಶಾಲೆಗಳಲ್ಲೂ ಹಾಸಿರುವ ಶಹಾಬಾದಿ ಫರ್ಸಿಯ ಮೇಲೆ ನಾಣ್ಯದ ಸದ್ದು ಗಟ್ಟಿಯಾಗಿಯೇ ಕೇಳುತ್ತದೆ. ‘ಟಕ್’ ಎಂಬ ಸದ್ದು ಒಂದೇ. ಸ್ಕೇಲಿಗೆ ಮೆಲ್ಲಗೆ ಹೊಡೆದರೂ ಒಂದೇ, ಜೋರಾಗಿ ಹೊಡೆದರೂ ಒಂದೇ.

ಹೀಗೇಕೆ ಎಂಬುದಕ್ಕೆ ಕಾರಣ ಸರಳವಾಗಿದೆ. ಕೈ ಬಿಟ್ಟ ಮೇಲೆ ಕಲ್ಲನ್ನು ಎಳೆಯುವುದು ಭೂಮಿ ಮಾತ್ರ, ಮತ್ತು ಭೂಮಿ ಎಳೆಯುವುದು ನೇರ ಕೆಳಕ್ಕೆ ಮಾತ್ರ. ಅಡ್ಡ ದಿಕ್ಕಿನಲ್ಲಿ ಯಾವ ಬಲವೂ ಇಲ್ಲದ್ದರಿಂದ ಅಡ್ಡ ವೇಗ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಕೈ ಕೊಟ್ಟಷ್ಟೇ ಕೊನೆಯವರೆಗೆ ಉಳಿಯುತ್ತದೆ. ಕೆಳಮುಖ ವೇಗ ಸೊನ್ನೆಯಿಂದ ಆರಂಭವಾಗಿ ಪ್ರತಿ ಸೆಕೆಂಡಿಗೆ 9.8 ಮೀ/ಸೆನಷ್ಟು ಬೆಳೆಯುತ್ತದೆ. ಸುಮ್ಮನೆ ಬಿಟ್ಟ ಕಲ್ಲಿಗೂ ಅಡ್ಡಕ್ಕೆ ಒಗೆದ ಕಲ್ಲಿಗೂ ಕೆಳಮುಖದ ಕಥೆ ಒಂದೇ ಆಗಿರುವುದರಿಂದ ಎರಡೂ ಕೂಡಿಯೇ ನೆಲ ಸೇರುತ್ತವೆ.

ಇಲ್ಲಿಂದ ಲೆಕ್ಕ ಮಾಡುವ ಕ್ರಮ ತಾನಾಗಿ ಹುಟ್ಟುತ್ತದೆ. ಹಾಳೆಯ ನಡುವೆ ಒಂದು ಗೆರೆ ಎಳೆದು ಎಡಕ್ಕೆ ‘ಅಡ್ಡದ ಲೆಕ್ಕ’, ಬಲಕ್ಕೆ ‘ಬೀಳುವ ಲೆಕ್ಕ’ ಎಂದು ಬರೆಯಿರಿ. ಎಡಗಡೆಗೆ ಇರುವುದು ಒಂದೇ ಸಾಲು:

ಅಡ್ಡ ದೂರ = ಅಡ್ಡ ವೇಗ × ಕಾಲ

ಬಲಗಡೆಗೆ ಎರಡು ಸಾಲು, ಇಲ್ಲಿ ‘ಗು’ ಎಂದರೆ ಗುರುತ್ವದ ವೇಗೋತ್ಕರ್ಷ, ಅಂದರೆ ಕೆಳಮುಖ ವೇಗ ಪ್ರತಿ ಸೆಕೆಂಡಿಗೆ ಬೆಳೆಯುವ ಆ 9.8:

ಬಿದ್ದ ಎತ್ತರ = ½ × ಗು × ಕಾಲ²
ಕೆಳಮುಖ ವೇಗ = ಗು × ಕಾಲ

ಎರಡೂ ಕಡೆಗೆ ಸಾಮಾನ್ಯವಾದದ್ದು ಕಾಲವೊಂದೇ. ಗೋಡೆಯ ಎರಡು ಬದಿಯ ಕೋಣೆಗಳಿಗೂ ಕಾಣುವಂತೆ ತೂಗುಹಾಕಿದ ಗಡಿಯಾರದ ಹಾಗೆ ಅದು ಎರಡೂ ಲೆಕ್ಕಗಳಿಗೆ ಸೇರಿದ್ದು. ಒಂದು ಕಡೆಯ ವೇಗವನ್ನಾಗಲಿ ದೂರವನ್ನಾಗಲಿ ಗೆರೆ ದಾಟಿಸಬಾರದು. ದಾಟಿಸಲು ಅನುಮತಿ ಇರುವುದು ಕಾಲಕ್ಕೆ ಮಾತ್ರ. ನನ್ನ ಮಟ್ಟಿಗೆ ಈ ಪಾಠದಲ್ಲಿ ಕಲಿಯಬೇಕಾದ ನಿಯಮ ಇದೊಂದೇ, ಉಳಿದದ್ದೆಲ್ಲ ಗುಣಾಕಾರ ಭಾಗಾಕಾರ.

ಒಂದು ಲೆಕ್ಕವನ್ನು ಇಡಿಯಾಗಿ ಮಾಡಿ ನೋಡೋಣ. ಬೀದರ್ ಪಟ್ಟಣದ ನಡುವೆ ಇರುವ ಚೌಬಾರಾ ಗೋಪುರದ ಎತ್ತರ ಸುಮಾರು 71 ಅಡಿ, ಅಂದರೆ 21.6 ಮೀಟರ್. ಅದರ ತುದಿಯಿಂದ ಒಂದು ಚೆಂಡನ್ನು 5 ಮೀ/ಸೆ ವೇಗದಲ್ಲಿ ಅಡ್ಡಕ್ಕೆ ಎಸೆದೆವೆಂದು ಭಾವಿಸಿ. ಭಾವಿಸುವುದಷ್ಟೇ, ಅದು ಸಂರಕ್ಷಿಸಬೇಕಾದ ಹಳೆಯ ಕಟ್ಟಡ, ಕೆಳಗೆ ನಾಲ್ಕು ದಿಕ್ಕಿನಿಂದ ವಾಹನಗಳು ಬಂದು ಸೇರುವ ವೃತ್ತ. ಗೋಪುರದ ಅಗಲವಾದ ಬುಡವೂ ಚೆಂಡಿಗೆ ಅಡ್ಡ ಬರುವುದಿಲ್ಲ ಎಂದಿಟ್ಟುಕೊಳ್ಳೋಣ. ಚೆಂಡು ಎಷ್ಟು ಹೊತ್ತಿಗೆ, ಬುಡದಿಂದ ಎಷ್ಟು ದೂರದಲ್ಲಿ, ಎಷ್ಟು ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ?

ಮೊದಲು ಯಾವ ಕಡೆಯಿಂದ ಕಾಲ ಸಿಗುತ್ತದೆ ಎಂದು ನೋಡಬೇಕು. ಎಡಗಡೆ ವೇಗ ಗೊತ್ತು, ದೂರ ಗೊತ್ತಿಲ್ಲ. ಆದ್ದರಿಂದ ಅಲ್ಲಿ ಕಾಲ ಸಿಗದು. ಬಲಗಡೆ ಎತ್ತರ ಗೊತ್ತು, ಕೆಳಮುಖದ ಮೊದಲ ವೇಗ ಸೊನ್ನೆ ಎಂಬುದೂ ಗೊತ್ತು. ಆದ್ದರಿಂದ

ಕಾಲ = √(2 × ಎತ್ತರ ÷ ಗು) = √(43.2 ÷ 9.8) = 2.1 ಸೆಕೆಂಡ್

ಈ 2.1ನ್ನು ಗೆರೆ ದಾಟಿಸಿ ಎಡಕ್ಕೆ ಒಯ್ದರೆ ಅಡ್ಡ ದೂರ 5 × 2.1 = 10.5 ಮೀಟರ್. ಮತ್ತೆ ಬಲಕ್ಕೆ ಬಂದರೆ ನೆಲ ಮುಟ್ಟುವ ಕ್ಷಣದಲ್ಲಿ ಕೆಳಮುಖ ವೇಗ 9.8 × 2.1 = 20.6 ಮೀ/ಸೆ. ಅಡ್ಡ ವೇಗ ಇನ್ನೂ 5 ಆಗಿಯೇ ಇದೆ. ಇವೆರಡನ್ನು ಕೂಡಿಸಿ 25.6 ಎಂದು ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ. ಪೂರ್ವಕ್ಕೆ 3 ಕಿಲೋಮೀಟರ್ ಹೋಗಿ, ಅಲ್ಲಿಂದ ಉತ್ತರಕ್ಕೆ 4 ಕಿಲೋಮೀಟರ್ ಹೋದವನು ಹೊರಟ ಜಾಗದಿಂದ 7 ಕಿಲೋಮೀಟರ್ ದೂರದಲ್ಲಿ ಇರುವುದಿಲ್ಲ, 5 ಕಿಲೋಮೀಟರ್ ದೂರದಲ್ಲಿರುತ್ತಾನೆ. ಒಂದಕ್ಕೊಂದು ಲಂಬವಾದ ವೇಗಗಳಿಗೂ ಅದೇ ಪೈಥಾಗೊರಸನ ನಿಯಮ. 5ರ ವರ್ಗ 25, 20.6ರ ವರ್ಗ ಸುಮಾರು 424, ಮೊತ್ತದ ವರ್ಗಮೂಲ 21.2 ಮೀ/ಸೆ. ದಿಕ್ಕು ಬೇಕೆಂದರೆ ಕೆಳಮುಖ ವೇಗವನ್ನು ಅಡ್ಡ ವೇಗದಿಂದ ಭಾಗಿಸಬೇಕು: 20.6 ÷ 5 = 4.12. ಹೀಗೆ ಲಂಬದ ಅಳತೆಯನ್ನು ಅಡ್ಡದ ಅಳತೆಯಿಂದ ಭಾಗಿಸಿದಾಗ ಬರುವುದೇ ನೆಲದೊಂದಿಗಿನ ಕೋನದ ಟ್ಯಾನ್, ಈ ಸಂಖ್ಯೆ ಟ್ಯಾನ್ ಆಗಿರುವ ಕೋನ ಸುಮಾರು 76 ಡಿಗ್ರಿ. ಅಂದರೆ ಅಡ್ಡಕ್ಕೆ ಹೊರಟ ಚೆಂಡು ನೆಲ ಸೇರುವ ಹೊತ್ತಿಗೆ ಬಹುಪಾಲು ನೆಟ್ಟಗೆ ಇಳಿಯುತ್ತಿರುತ್ತದೆ.

ದಾರಿಯ ಆಕಾರ ಕಾಣಬೇಕಾದರೆ ಸೆಕೆಂಡಿಗೊಮ್ಮೆ ಚೆಂಡು ಎಲ್ಲಿದೆ ಎಂದು ಗುರುತಿಸಿದರೆ ಸಾಕು. ಒಂದು ಸೆಕೆಂಡಿಗೆ ಅದು 5 ಮೀಟರ್ ಮುಂದೆ, 4.9 ಮೀಟರ್ ಕೆಳಗೆ. ಎರಡು ಸೆಕೆಂಡಿಗೆ 10 ಮೀಟರ್ ಮುಂದೆ, 19.6 ಮೀಟರ್ ಕೆಳಗೆ. ಮುಂದೆ ಸಾಗುವುದು ಒಂದೇ ಅಳತೆಯ ಹೆಜ್ಜೆಗಳಲ್ಲಿ, ಕೆಳಗೆ ಇಳಿಯುವುದು ದೊಡ್ಡದಾಗುತ್ತ ಹೋಗುವ ಹೆಜ್ಜೆಗಳಲ್ಲಿ. ಮೊದಲ ಸೆಕೆಂಡಿನಲ್ಲಿ ಬಿದ್ದದ್ದನ್ನು 1 ಎಂದು ಎಣಿಸಿದರೆ ಎರಡನೆಯ ಸೆಕೆಂಡಿನಲ್ಲಿ ಬೀಳುವುದು 3, ಮೂರನೆಯದರಲ್ಲಿ 5. ಈ ಬಗೆಯ ಬಾಗಿದ ಗೆರೆಗೆ ಪರವಲಯ ಎಂದು ಹೆಸರು, ಮತ್ತು ಹೊರಟ ಕ್ಷಣದಿಂದಲೇ ಅದು ಬಾಗುತ್ತಿರುತ್ತದೆ.

‘ಹೊರಟ ಕ್ಷಣದಿಂದಲೇ’ ಎಂಬುದನ್ನು ಒತ್ತಿ ಹೇಳಲು ಕಾರಣವಿದೆ. ಕೋಟೆಯ ಮೇಲಿನ ತೋಪಿನಿಂದ ಅಡ್ಡಕ್ಕೆ ಹಾರಿಸಿದ ಗುಂಡಿನ ದಾರಿಯನ್ನು ಬಿಡಿಸಿರಿ ಎಂದರೆ ಅರ್ಧದಷ್ಟು ಮಕ್ಕಳು ಮೊದಲು ಒಂದು ನೇರ ಗೆರೆ, ಆಮೇಲೆ ಸ್ವಲ್ಪ ಬಾಗು, ಕೊನೆಗೆ ನೇರ ಕೆಳಕ್ಕೆ ಇನ್ನೊಂದು ಗೆರೆ ಎಳೆಯುತ್ತಾರೆ. ನಾನು ಬೈಯುವುದಿಲ್ಲ, ಏಕೆಂದರೆ ಹದಿನಾರನೆಯ ಶತಮಾನದ ಯುರೋಪಿನ ತೋಪಿನ ಶಾಸ್ತ್ರದ ಪುಸ್ತಕಗಳಲ್ಲಿಯೂ ಇಂಥದೇ ಚಿತ್ರಗಳಿವೆ. ಗುಂಡಿನ ಒಳಗೆ ತುಂಬಿದ ‘ಜೋರು’ ಮುಗಿಯುವ ತನಕ ಅದು ಬೀಳುವುದಿಲ್ಲ ಎಂಬುದು ಅಂದಿನವರ ತಿಳುವಳಿಕೆಯಾಗಿತ್ತು. ಅದನ್ನು ಕೆಡವಿದವನು ಗೆಲಿಲಿಯೊ. ಅವನು 1608ರ ಸುಮಾರಿಗೆ ಇಳಿಜಾರಿನ ಮೇಲೆ ಗುಂಡುಗಳನ್ನು ಉರುಳಿಸಿ, ಅವು ಮೇಜಿನ ಅಂಚಿನಿಂದ ಅಡ್ಡಕ್ಕೆ ಜಿಗಿದು ಎಷ್ಟು ದೂರ ಬೀಳುತ್ತವೆ ಎಂದು ಅಳೆದ ಟಿಪ್ಪಣಿಗಳು ಉಳಿದಿವೆ. 1638ರಲ್ಲಿ ಲೈಡನ್ ನಗರದಲ್ಲಿ ಅಚ್ಚಾದ ತನ್ನ ಕೊನೆಯ ದೊಡ್ಡ ಗ್ರಂಥದಲ್ಲಿ ಅವನು ಅಡ್ಡ ಚಲನೆ ಮತ್ತು ಬೀಳುವ ಚಲನೆ ಒಂದನ್ನೊಂದು ಕೆಡಿಸದೆ ಕೂಡಿ ನಡೆಯುತ್ತವೆ, ಕೂಡಿದ ದಾರಿ ಅರ್ಧ ಪರವಲಯ ಎಂದು ತೋರಿಸಿಕೊಟ್ಟನು. ಅವನು ಮೊದಲು ಕೈಗೆತ್ತಿಕೊಂಡದ್ದೂ ನಾವಿಲ್ಲಿ ಮಾತಾಡುತ್ತಿರುವ ಅಡ್ಡ ಎಸೆತವನ್ನೇ. ಓರೆ ಎಸೆತದ ಲೆಕ್ಕ ಅದರ ಬೆನ್ನಿಗೆ ಬಂದದ್ದು.

ಕಲಬುರಗಿ ಕೋಟೆಯಲ್ಲಿ ಬಾರಾ ಗಜಿ ತೋಪು ಇದೆ. ಉದ್ದ ಸುಮಾರು 29 ಅಡಿ, ಹೆಸರಿನಲ್ಲಿಯೇ ಹನ್ನೆರಡು ಗಜ. ಅದರ ಗುಂಡಿನ ವೇಗವನ್ನು ಯಾರೂ ಅಳೆದಿಟ್ಟಿಲ್ಲವಾದ್ದರಿಂದ ಲೆಕ್ಕಕ್ಕಾಗಿ ಅಂಕಿಗಳನ್ನು ನಾವೇ ಇಟ್ಟುಕೊಳ್ಳೋಣ: ನೆಲದಿಂದ 20 ಮೀಟರ್ ಎತ್ತರ, ಅಡ್ಡ ವೇಗ 200 ಮೀ/ಸೆ. ಬೀಳಲು ಬೇಕಾದ ಕಾಲ √(40 ÷ 9.8) = 2.02 ಸೆಕೆಂಡ್, ಅಡ್ಡ ದೂರ ಸುಮಾರು 404 ಮೀಟರ್. ಚೌಬಾರಾದ ಚೆಂಡಿಗಿಂತ ನಲವತ್ತು ಪಟ್ಟು ವೇಗ, ಆದರೂ ಗಾಳಿಯಲ್ಲಿ ಇದ್ದ ಹೊತ್ತು ಅದಕ್ಕಿಂತ ಕೊಂಚ ಕಡಿಮೆಯೇ, ಎತ್ತರ ಕೊಂಚ ಕಡಿಮೆ ಇದೆಯಾದ್ದರಿಂದ. ಮದ್ದನ್ನು ದುಪ್ಪಟ್ಟು ತುಂಬಿ ವೇಗ ಹೆಚ್ಚಿಸಿದರೂ ಈ ಎರಡು ಸೆಕೆಂಡುಗಳಿಗೆ ಒಂದು ಕ್ಷಣ ಸೇರುವುದಿಲ್ಲ. ಹೆಚ್ಚು ಹೊತ್ತು ಬೇಕಾದರೆ ತೋಪನ್ನು ಇನ್ನೂ ಎತ್ತರಕ್ಕೆ ಏರಿಸಬೇಕು. ಅದರಲ್ಲಿಯೂ ಎತ್ತರ ಎರಡು ಪಟ್ಟಾದರೆ ಕಾಲ ಎರಡು ಪಟ್ಟಾಗುವುದಿಲ್ಲ, 1.41 ಪಟ್ಟಾಗುತ್ತದೆ, ನಾಲ್ಕು ಪಟ್ಟು ಎತ್ತರಕ್ಕೆ ಎರಡು ಪಟ್ಟು ಕಾಲ.

404 ಮೀಟರ್ ಎಂಬ ಉತ್ತರವನ್ನು ಮಾತ್ರ ನಿಜವಾದ ತೋಪಿಗೆ ಹಚ್ಚಲು ಹೋಗಬೇಡಿ. ಲೆಕ್ಕದ ಕೊನೆಗೆ ಪುಸ್ತಕಗಳು ‘ಗಾಳಿಯ ತಡೆಯನ್ನು ಕಡೆಗಣಿಸಿ’ ಎಂದು ಸಣ್ಣದಾಗಿ ಬರೆದಿರುತ್ತವೆ. ಅದರ ಅರ್ಥ ತಿಳಿಯಲು ತೊಗರಿಯ ರಾಶಿ ನೋಡಿದವರಿಗೆ ಪ್ರಯೋಗಾಲಯ ಬೇಕಿಲ್ಲ. ಮೊರದಿಂದ ತೂರುವಾಗ ಕಾಳು ಮತ್ತು ಹೊಟ್ಟು ಒಂದೇ ಎತ್ತರದಿಂದ, ಒಂದೇ ಕ್ಷಣಕ್ಕೆ ಹೊರಡುತ್ತವೆ. ಗಾಳಿಯೇ ಇಲ್ಲದ ಲೋಕದಲ್ಲಿ ಎರಡೂ ಒಂದೇ ಜಾಗದಲ್ಲಿ ಬಿದ್ದು ರಾಶಿ ಎಂದೂ ಹಸನಾಗುತ್ತಿರಲಿಲ್ಲ. ಕಾಳು ತನ್ನ ಗಾತ್ರಕ್ಕೆ ತಕ್ಕ ತೂಕವಿರುವುದರಿಂದ ಗಾಳಿಯನ್ನು ಅಷ್ಟಾಗಿ ಲೆಕ್ಕಿಸದೆ ಕಾಲ ಬುಡದಲ್ಲಿ ಬೀಳುತ್ತದೆ. ಹೊಟ್ಟು ಗಾಳಿ ಒಯ್ದ ಕಡೆಗೆ ಹೋಗುತ್ತದೆ. ನಮ್ಮ ಸೂತ್ರಗಳು ಕಾಳಿನ ಸೂತ್ರಗಳು. ಕಲ್ಲು, ನಾಣ್ಯ, ಗೋಲಿ, ನೀರಿನ ದಪ್ಪ ಧಾರೆ ಇವೆಲ್ಲ ಕಡಿಮೆ ವೇಗದಲ್ಲಿ ಕಾಳಿನ ಜಾತಿಗೆ ಸೇರುತ್ತವೆ. ಆದರೆ ವೇಗ ಏರಿದಂತೆ ಗಾಳಿಯ ತಡೆ ಬಹಳ ಬೇಗ ಬೆಳೆಯುವುದರಿಂದ, 200 ಮೀ/ಸೆನಲ್ಲಿ ಹಾರುವ ಗುಂಡು ನಿಜದಲ್ಲಿ ಲೆಕ್ಕ ಹೇಳಿದಷ್ಟು ದೂರ ಮುಟ್ಟುವುದಿಲ್ಲ.

ಇನ್ನು, ಲೆಕ್ಕದಲ್ಲಿ ಬಚ್ಚಿಟ್ಟಿರುವ ದತ್ತಾಂಶದ ವಿಷಯ. ‘ಮೇಜಿನ ಮೇಲೆ ಉರುಳಿ ಅಂಚಿನಿಂದ ಬಿದ್ದ ಗೋಲಿ’, ‘ಸಮತಲವಾಗಿ ಹಾರುತ್ತಿರುವ ವಿಮಾನದಿಂದ ಬಿಟ್ಟ ಚೀಲ’, ‘ಬಂಡೆಯ ತುದಿಯಿಂದ ಅಡ್ಡಕ್ಕೆ ಒದ್ದ ಚೆಂಡು’ ಎಂದು ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬಂದರೂ ಈ ಎಲ್ಲ ಮಾತುಗಳ ತಿರುಳು ಒಂದೇ: ಕೆಳಮುಖದ ಮೊದಲ ವೇಗ ಸೊನ್ನೆ. ಅದನ್ನು ಅಂಕಿಯಲ್ಲಿ ಬರೆದಿರುವುದಿಲ್ಲ, ಓದಿ ತೆಗೆಯಬೇಕು. ಗೊತ್ತಿರುವ ಅಂಕಿ ಸಾಲದು ಎಂದು ಪೆನ್ನು ಕೆಳಗಿಡುವ ವಿದ್ಯಾರ್ಥಿಗೆ ಸಾಮಾನ್ಯವಾಗಿ ಕಾಣದೆ ಹೋಗಿರುವುದು ಈ ಸೊನ್ನೆಯೇ.

ವಿಮಾನದ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಚೀಲವನ್ನು ಯಾರೂ ಒಗೆದಿಲ್ಲ, ಸುಮ್ಮನೆ ಬಿಟ್ಟಿದ್ದಾರೆ, ಹಾಗಿದ್ದರೆ ಅದರ ಅಡ್ಡ ವೇಗ ಎಲ್ಲಿಂದ ಬಂತು ಎಂದು ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ಜೇವರ್ಗಿಯ ಕಡೆಗೆ ಗಂಟೆಗೆ 60 ಕಿಲೋಮೀಟರಿನಂತೆ ಒಂದೇ ಸಮನೆ ಓಡುತ್ತಿರುವ ಬಸ್ಸಿನಲ್ಲಿ ಕಂಡಕ್ಟರನ ಕೈಯಿಂದ ಒಂದು ನಾಣ್ಯ ಜಾರಿತು ಎನ್ನಿ. 1.2 ಮೀಟರ್ ಬೀಳಲು ಅದಕ್ಕೆ ಸುಮಾರು ಅರ್ಧ ಸೆಕೆಂಡ್ ಬೇಕು, ಅಷ್ಟರಲ್ಲಿ ಬಸ್ಸು ಎಂಟು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಆದರೂ ನಾಣ್ಯ ಬೀಳುವುದು ಕಂಡಕ್ಟರನ ಕಾಲ ಬಳಿಯೇ. ಹಿಂದಿನ ಸೀಟಿನವರ ಮಡಿಲಿಗೆ ಹಾರಿ ಬೀಳುವುದಿಲ್ಲ. ಕೈಯಲ್ಲಿದ್ದಾಗಲೇ ಬಸ್ಸಿನ ವೇಗ ನಾಣ್ಯಕ್ಕೂ ಇತ್ತು, ಬಿಟ್ಟ ಮೇಲೂ ಅದು ಉಳಿಯಿತು. ಬಸ್ಸಿನೊಳಗೆ ಕುಳಿತವನಿಗೆ ನಾಣ್ಯ ನೇರವಾಗಿ ಬಿತ್ತು; ರಸ್ತೆಯ ಪಕ್ಕದ ಹೊಲದಲ್ಲಿ ನಿಂತು ಕಿಟಕಿಯೊಳಗೆ ನೋಡಬಲ್ಲವನಿಗೆ ಅದೇ ನಾಣ್ಯ ಪರವಲಯದಲ್ಲಿ ಸಾಗಿ ಬಿತ್ತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ನೀರು ಹೆಚ್ಚು ಬಿಟ್ಟ ಮಳೆಗಾಲಗಳಲ್ಲಿ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಯ ಊರುಗಳು ಸಂಪರ್ಕ ಕಡಿದುಕೊಂಡದ್ದುಂಟು. ಅಂಥ ಗಡ್ಡೆಯ ಮೇಲೆ 80 ಮೀಟರ್ ಎತ್ತರದಲ್ಲಿ, 20 ಮೀ/ಸೆ ವೇಗದಲ್ಲಿ ಸಮತಲವಾಗಿ ಹಾರುವ ಹೆಲಿಕಾಪ್ಟರಿನಿಂದ ಹಿಟ್ಟಿನ ಚೀಲವೊಂದನ್ನು ಕೆಳಗೆ ಬಿಡಬೇಕಾಗಿದೆ ಎಂದುಕೊಳ್ಳಿ. ಕಾಲ √(160 ÷ 9.8) = 4.04 ಸೆಕೆಂಡ್, ಅಡ್ಡ ದೂರ 80.8 ಮೀಟರ್. ಗುರಿಯ ನೆತ್ತಿಯ ಮೇಲೆ ಬಂದಾಗ ಬಿಟ್ಟರೆ ಚೀಲ ಹೊಳೆಯ ಪಾಲು. ಸುಮಾರು 80 ಮೀಟರ್ ಮೊದಲೇ ಬಿಡಬೇಕು.

ಈವರೆಗಿನ ಲೆಕ್ಕಗಳಲ್ಲಿ ಕಾಲ ಸಿಕ್ಕಿದ್ದು ಬೀಳುವ ಕಡೆಯಿಂದ. ಅದು ಯಾವಾಗಲೂ ಹಾಗೆಯೇ ಸಿಗಬೇಕೆಂದೇನೂ ಇಲ್ಲ. ಹಳೆಯ ತೋಡುಬಾವಿಯೊಂದನ್ನು ತೆಗೆದುಕೊಳ್ಳಿ, ಬಾಯಿಯ ಅಗಲ 6 ಮೀಟರ್. ದಂಡೆಯ ಮೇಲಿನ ಕಲ್ಲೊಂದು ಯಾರದೋ ಕಾಲಿಗೆ ತಾಗಿ 4 ಮೀ/ಸೆ ವೇಗದಲ್ಲಿ ಅಡ್ಡಕ್ಕೆ ಚಿಮ್ಮಿತು. ಎದುರಿನ ಗೋಡೆಗೆ ಅದು ಎಷ್ಟು ಆಳದಲ್ಲಿ ಬಡಿಯುತ್ತದೆ? ಇಲ್ಲಿ ಎತ್ತರ ಗೊತ್ತಿಲ್ಲ, ಅದನ್ನೇ ಕಂಡುಹಿಡಿಯಬೇಕು. ಅಡ್ಡದ ದೂರವೂ ವೇಗವೂ ಗೊತ್ತಿರುವುದರಿಂದ ಕಾಲ ಎಡಗಡೆಯಿಂದ ಬರುತ್ತದೆ: 6 ÷ 4 = 1.5 ಸೆಕೆಂಡ್. ಅದನ್ನು ಬಲಕ್ಕೆ ಒಯ್ದರೆ ಆಳ ½ × 9.8 × 2.25 = 11 ಮೀಟರ್.

ಲೆಕ್ಕ ಮುಗಿಯಿತು ಎಂದು ಗೆರೆ ಎಳೆಯುವ ಮುನ್ನ ಬಾವಿಯೊಳಗೆ ಒಮ್ಮೆ ಇಣುಕಬೇಕು. ನೀರು 9 ಮೀಟರ್ ಆಳದಲ್ಲಿಯೇ ಇದ್ದರೆ? 9 ಮೀಟರ್ ಬೀಳಲು ಕಲ್ಲಿಗೆ √(18 ÷ 9.8) = 1.36 ಸೆಕೆಂಡ್ ಸಾಕು, ಅಷ್ಟರಲ್ಲಿ ಅದು ಅಡ್ಡಕ್ಕೆ ಸಾಗಿದ್ದು 5.4 ಮೀಟರ್ ಮಾತ್ರ. ಅಂದರೆ ಗೋಡೆಗೆ ಅರ್ಧ ಮೀಟರಿಗೂ ಹೆಚ್ಚು ದೂರ ಇರುವಾಗಲೇ ಕಲ್ಲು ನೀರಿಗೆ ಬಿದ್ದಿತು. ಗೋಡೆಗೆ ಬಡಿಯುವ ಪ್ರಶ್ನೆಯೇ ಏಳುವುದಿಲ್ಲ. ಎರಡು ಘಟನೆಗಳು ಸಾಧ್ಯವಿರುವ ಲೆಕ್ಕದಲ್ಲಿ ಎರಡಕ್ಕೂ ಬೇಕಾದ ಕಾಲವನ್ನು ಬಿಡಿಬಿಡಿಯಾಗಿ ಕಂಡುಹಿಡಿದು, ಯಾವುದು ಕಡಿಮೆಯೋ ಅದನ್ನು ಒಪ್ಪಬೇಕು. ಪ್ರವೇಶ ಪರೀಕ್ಷೆಗಳ ಪ್ರಶ್ನೆಪತ್ರಿಕೆ ಮಾಡುವವರಿಗೆ ಈ ಬಗೆಯ ಬಲೆ ಬಹಳ ಪ್ರಿಯವಾದದ್ದು. ಮೆಟ್ಟಿಲುಗಳ ಮೇಲಿಂದ ಉರುಳಿದ ಚೆಂಡು ಎಷ್ಟನೆಯ ಮೆಟ್ಟಿಲಿಗೆ ಬಡಿಯುತ್ತದೆ ಎಂಬ ಪ್ರಶ್ನೆಯ ಬೇರೂ ಇಲ್ಲಿಯೇ ಇದೆ.

ಉತ್ತರಪತ್ರಿಕೆಗಳಲ್ಲಿ ಕಾಣುವ ತಪ್ಪುಗಳಲ್ಲಿ ಗೆರೆ ದಾಟಿಸುವ ತಪ್ಪೇ ಹಿರಿದು: ಅಡ್ಡ ವೇಗವಾದ 5ನ್ನು ಬೀಳುವ ಸಮೀಕರಣದ ಮೊದಲ ವೇಗದ ಜಾಗಕ್ಕೆ ತುಂಬುವುದು. ಅದಕ್ಕೆ ಮದ್ದು ಎರಡು ಅಂಕಣದ ಹಾಳೆ. ಇನ್ನೊಂದು ತಪ್ಪು ಸ್ವಾರಸ್ಯಕರವಾದದ್ದು. ನೆಲಕ್ಕೆ ಬಡಿಯುವಾಗಿನ ವೇಗ ಎಷ್ಟು ಎಂದರೆ ‘ಸೊನ್ನೆ, ಏಕೆಂದರೆ ನೆಲದ ಮೇಲೆ ಕಲ್ಲು ನಿಂತಿರುತ್ತದೆ’ ಎಂದು ಬರೆಯುತ್ತಾರೆ. ಕಲ್ಲನ್ನು ನಿಲ್ಲಿಸಿದ್ದು ನೆಲ. ನಾವು ಕೇಳುತ್ತಿರುವುದು ನೆಲ ಅದನ್ನು ಮುಟ್ಟುವುದಕ್ಕೆ ತುಸುವೇ ಮುಂಚಿನ ವೇಗವನ್ನು, ಅದು ಇಡೀ ಪಯಣದಲ್ಲಿಯೇ ಅತಿ ಹೆಚ್ಚಿನದು. ಗಂಟೆಗೆ ಕಿಲೋಮೀಟರಿನಲ್ಲಿ ಕೊಟ್ಟ ವೇಗವನ್ನು 5 ÷ 18ರಿಂದ ಗುಣಿಸಿ ಮೀ/ಸೆಗೆ ತರುವುದನ್ನು ಮರೆಯುವವರೂ ಇದ್ದಾರೆ. ಗುರುತ್ವಕ್ಕೆ 9.8 ಹಿಡಿಯಬೇಕೋ 10 ಹಿಡಿಯಬೇಕೋ ಎಂದು ಮಾತ್ರ ತಲೆ ಕೆಡಿಸಿಕೊಳ್ಳಬಾರದು, ಕಾಲದಲ್ಲಿ ಬರುವ ವ್ಯತ್ಯಾಸ ನೂರಕ್ಕೆ ಒಂದು; ಪ್ರಶ್ನೆ ಹೇಳಿದ್ದನ್ನು ಹಿಡಿದರಾಯಿತು.

ಉತ್ತರ ಸರಿಯೇ ಎಂದು ಬೇಗ ಪರೀಕ್ಷಿಸಲು ಒಂದು ಉಪಾಯವಿದೆ, ಪಠ್ಯಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ನೆಲಕ್ಕೆ ಬಡಿಯುವ ಕೋನದ ಟ್ಯಾನ್ ಬೆಲೆ ಯಾವಾಗಲೂ ಎತ್ತರದ ಎರಡು ಪಟ್ಟನ್ನು ಅಡ್ಡ ದೂರದಿಂದ ಭಾಗಿಸಿದಷ್ಟು ಇರುತ್ತದೆ. ಚೌಬಾರಾದ ಚೆಂಡಿಗೆ ಅದು 43.2 ÷ 10.5 = 4.11; ವೇಗಗಳಿಂದ ಬಂದದ್ದು 4.12. ಅಂಕಿಗಳನ್ನು ದುಂಡು ಮಾಡಿದ್ದರಿಂದ ಆದ ಕೂದಲೆಳೆಯ ವ್ಯತ್ಯಾಸ ಬಿಟ್ಟರೆ ಎರಡೂ ಒಂದೇ.

ಎತ್ತರವೂ ದೂರವೂ ಗೊತ್ತಿದ್ದು ವೇಗ ಗೊತ್ತಿಲ್ಲದ ಲೆಕ್ಕವನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅದು ಪರೀಕ್ಷೆಯ ಆಚೆಗೂ ಕೆಲಸಕ್ಕೆ ಬರುತ್ತದೆ. ನಮ್ಮ ಭಾಗದಲ್ಲಿ ಬೋರ್ ಕೊರೆಸಿದವರನ್ನು ಎಷ್ಟು ನೀರು ಬಂತು ಎಂದು ಕೇಳಿದರೆ “ಎರಡಿಂಚ ನೀರ ಬಿದ್ದಾವ್ರಿ” ಎನ್ನುತ್ತಾರೆ. ಆಳಂದ ತಾಲ್ಲೂಕಿನ ಒಬ್ಬ ವಿದ್ಯಾರ್ಥಿಯ ಹೊಲಕ್ಕೆ ಹೋದಾಗ ಅವನ ತಂದೆಯೂ ಹಾಗೆಯೇ ಹೇಳಿದರು. ಎರಡು ಇಂಚು ಎಂಬುದು ಪೈಪಿನ ಬಾಯಿಯ ಅಳತೆಯೇ ಹೊರತು ನೀರಿನ ಪ್ರಮಾಣವಲ್ಲ. ಬಾಯಿ ಅಷ್ಟೇ ಇದ್ದರೂ ನೀರು ತೊಟ್ಟಿಯ ಅಂಚಿಗೆ ಮೆಲ್ಲಗೆ ಸುರಿಯಬಹುದು, ತೊಟ್ಟಿಯ ನಡುವಿಗೆ ಚಿಮ್ಮಲೂಬಹುದು. ಎಷ್ಟು ಲೀಟರ್ ಎಂದು ತಿಳಿಯಲು ನೀರಿನ ವೇಗ ಬೇಕು, ವೇಗ ಅಳೆಯುವ ಯಂತ್ರ ಹೊಲದಲ್ಲಿ ಇರುವುದಿಲ್ಲ. ಇರುವುದು ನೀರಿನ ಧಾರೆ ಬಾಗುವ ಪರಿ.

ಮಾಡಬೇಕಾದದ್ದು ಇಷ್ಟು. ಪೈಪಿನ ಕೊನೆಯ ತುಂಡು ನೆಲಕ್ಕೆ ಸಮಾಂತರವಾಗಿ, ಮಟ್ಟವಾಗಿ ಇರಬೇಕು. ಬಾಯಿ ತುಂಬ ನೀರು ಬರುತ್ತಿರಬೇಕು, ಅರ್ಧ ತುಂಬಿ ಹರಿಯುವ ಪೈಪಿಗೆ ಈ ಲೆಕ್ಕ ಹೊಂದುವುದಿಲ್ಲ. ಪೈಪಿನ ಮೇಲಂಚಿಗೆ ಒಂದು ಕೋಲನ್ನು ಮಟ್ಟವಾಗಿ ಹಿಡಿದು, ಅದರಿಂದ 30 ಸೆಂಟಿಮೀಟರಿನ ಶಾಲಾ ಸ್ಕೇಲನ್ನು ನೆಟ್ಟಗೆ ಕೆಳಕ್ಕೆ ಇಳಿಬಿಟ್ಟು, ಸ್ಕೇಲಿನ ಕೆಳತುದಿ ಧಾರೆಯ ಮೇಲ್ಮೈಯನ್ನು ಮುಟ್ಟುವವರೆಗೆ ಕೋಲಿನ ಉದ್ದಕ್ಕೂ ಹಿಂದೆ ಮುಂದೆ ಸರಿಸಬೇಕು. ಮುಟ್ಟಿದ ಜಾಗ ಪೈಪಿನ ಬಾಯಿಯಿಂದ ಎಷ್ಟು ದೂರದಲ್ಲಿದೆ ಎಂದು ಅಳೆಯಬೇಕು. ಧಾರೆಯ ಮೇಲ್ಮೈಯಿಂದಲೇ ಹೊರಟು ಮೇಲ್ಮೈಗೇ ಅಳೆದರೆ ಧಾರೆಯ ದಪ್ಪ ಲೆಕ್ಕವನ್ನು ಕೆಡಿಸುವುದಿಲ್ಲ. ಅಂದು ನಮಗೆ ಸಿಕ್ಕಿದ ದೂರ 40 ಸೆಂಟಿಮೀಟರ್.

ನೀರಿನ ಪ್ರತಿ ಹನಿಯೂ ಅಡ್ಡಕ್ಕೆ ಒಗೆದ ಕಲ್ಲೇ. 0.30 ಮೀಟರ್ ಬೀಳಲು ಅದಕ್ಕೆ √(0.60 ÷ 9.8) = 0.247 ಸೆಕೆಂಡ್ ಬೇಕು. ಈ ಕಾಲ ಯಾವ ಪೈಪಿಗೂ, ಯಾವ ಮೋಟರಿಗೂ ಬದಲಾಗುವುದಿಲ್ಲ. ಅಷ್ಟರಲ್ಲಿ ಅದು 0.40 ಮೀಟರ್ ಮುಂದೆ ಹೋಗಿದೆ, ಆದ್ದರಿಂದ ವೇಗ 0.40 ÷ 0.247 = 1.62 ಮೀ/ಸೆ. ಒಳವ್ಯಾಸ 5 ಸೆಂಟಿಮೀಟರ್ ಇರುವ ಪೈಪಿನ ಬಾಯಿಯ ವಿಸ್ತೀರ್ಣ 3.14 × 0.025 × 0.025 = 0.00196 ಚದರ ಮೀಟರ್. ವಿಸ್ತೀರ್ಣವನ್ನು ವೇಗದಿಂದ ಗುಣಿಸಿದರೆ ಸೆಕೆಂಡಿಗೆ 0.0032 ಘನ ಮೀಟರ್, ಅಂದರೆ ಸುಮಾರು 3.2 ಲೀಟರ್, ನಿಮಿಷಕ್ಕೆ 190, ಗಂಟೆಗೆ 11,400 ಲೀಟರ್. ಅಳತೆಯಲ್ಲಿ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಆದರೆ ಏನಾಗುತ್ತದೆ ಎಂದು ಹುಡುಗ ಕೇಳಿದ, ಒಳ್ಳೆಯ ಪ್ರಶ್ನೆ. ಅಡ್ಡ ದೂರದಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಉತ್ತರ ನೂರಕ್ಕೆ ಎರಡೂವರೆ ತಪ್ಪುತ್ತದೆ; ಎತ್ತರದಲ್ಲಿ ತಪ್ಪಿದರೆ ವರ್ಗಮೂಲ ಆ ತಪ್ಪನ್ನು ಅರ್ಧಕ್ಕೆ ಇಳಿಸುವುದರಿಂದ ನೂರಕ್ಕೆ ಎರಡಕ್ಕಿಂತ ಕಡಿಮೆ. ಪೈಪಿನ ವ್ಯಾಸದ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು, ಅಲ್ಲಿನ ತಪ್ಪು ವರ್ಗವಾಗುವುದರಿಂದ ಎರಡು ಪಟ್ಟಾಗುತ್ತದೆ; ಅದಕ್ಕೇ ಅಂಗಡಿಯವರು ಹೇಳಿದ ಇಂಚನ್ನು ನಂಬದೆ ಒಳಬಾಯಿಯನ್ನೇ ಅಳೆಯಬೇಕು.

ಹುಡುಗ ಸ್ಕೇಲನ್ನು ಅಲ್ಲಿಯೇ ಮೋಟರಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡ. ಮೇ ತಿಂಗಳಲ್ಲಿ ಅವನೇ ಅಳೆದು ತಂದ ದೂರ 28 ಸೆಂಟಿಮೀಟರ್. ಪೈಪು ಆಗಲೂ ಬಾಯಿ ತುಂಬ ಹರಿಯುತ್ತಿತ್ತು. ಅವನು ಕಾಲವನ್ನು ಮತ್ತೆ ಲೆಕ್ಕ ಹಾಕಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ. 11,400ನ್ನು 28ರಿಂದ ಗುಣಿಸಿ 40ರಿಂದ ಭಾಗಿಸಿ, ಗಂಟೆಗೆ 8,000 ಲೀಟರಿಗೆ ಇಪ್ಪತ್ತು ಲೀಟರ್ ಕಡಿಮೆ ಎಂದು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿದ್ದ. ಅವನ ತಂದೆಯ ಬಾಯಲ್ಲಿ ಅದು ಆಗಲೂ ಎರಡಿಂಚೇ.